ಎರಡೇ ಸಲ ಕೂಗುತ್ತಿದ್ದವರು

ತೀರಿಕೊಂಡವರ ಬಟ್ಟೆಬರೆಯನ್ನು ಯಾರಿಗಾದರೂ ಕೊಡಬಹುದು, ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಅವರ ಧ್ವನಿಯನ್ನು ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಸಾರ್ ಹೋಗಿ ತಿಂಗಳ ಮೇಲಾಗಿತ್ತು. ಸಿರಾ ಹೆದ್ದಾರಿ ಪಕ್ಕದ ನಮ್ಮ ಗೋದಾಮಿಗೆ ಅವರ ಧ್ವನಿ ಮಾತ್ರ ದಿನಾ ತಪ್ಪದೆ ಕೆಲಸಕ್ಕೆ ಬರುತ್ತಿತ್ತು. ಅದನ್ನು ತೆಗೆದುಹಾಕಿ ಅಂತ ಮ್ಯಾನೇಜರ್ ಹೇಳಿದರು. ತೆಗೆಯದಿದ್ದರೆ ಒಳಗೆ ಕೆಲಸ ಮಾಡುವ ಹೆಂಗಸರಲ್ಲಿ ಯಾರದಾದರೂ ಜೀವಕ್ಕೇ ಅಪಾಯ ಅನ್ನುವುದನ್ನು ನಾನೂ ಕಣ್ಣಾರೆ ಕಂಡಿದ್ದೆ. ಆದರೂ ಕೈ ಬರಲಿಲ್ಲ. ಕೈ ಯಾಕೆ ಬರುತ್ತಿಲ್ಲ ಅಂತ ಯೋಚಿಸುತ್ತಾ ಕೂತಾಗ, ಅಸಲಿಗೆ ಆ ಮನುಷ್ಯ ಎಂಥವರು ಅನ್ನುವುದೇ ನನಗೆ ತಿಳಿದಿಲ್ಲ ಅನ್ನಿಸಿತು.

ಮೊದಲು ಗೋದಾಮಿನ ವಿಷಯ ಹೇಳಿಬಿಡುತ್ತೇನೆ. ಸೋಪು, ಬಿಸ್ಕತ್ತು, ಟೀಪುಡಿ, ಅಡುಗೆ ಎಣ್ಣೆ ಎಲ್ಲ ಅಲ್ಲಿ ಲಾರಿಯಿಂದ ಇಳಿದು, ಸುತ್ತಲ ತಾಲ್ಲೂಕುಗಳ ಅಂಗಡಿಗಳಿಗೆ ಹೋಗುತ್ತವೆ. ಒಳಗೆ ಮೂಟೆ ಹೊರುವವರಿಲ್ಲ. ಮೊಣಕಾಲೆತ್ತರದ ಚಪ್ಪಟೆ ಗಾಡಿಗಳು ತಾವಾಗಿಯೇ ಓಡಾಡಿ, ಆಳೆತ್ತರದ ಕಪಾಟುಗಳ ಕೆಳಗೆ ತೂರಿ, ಕಪಾಟನ್ನೇ ಎತ್ತಿಕೊಂಡು ಬರುತ್ತವೆ. ಇಂಗ್ಲಿಷಿನಲ್ಲಿ ಅವಕ್ಕೆ ಏನೋ ದೊಡ್ಡ ಹೆಸರಿದೆ. ನಮ್ಮ ಹೆಂಗಸರು ಆಮೆ ಅನ್ನುತ್ತಾರೆ. ಆಮೆಗಳು ತಿರುಗುವ ಜಾಗಕ್ಕೆ ಸುತ್ತ ತಂತಿ ಜಾಲರಿ, ಒಂದು ಗೇಟು. ಅದಕ್ಕೆ ಅವರಿಟ್ಟ ಹೆಸರು ದೊಡ್ಡಿ. ಕಪಾಟಿನಿಂದ ಡಬ್ಬ ಬಿದ್ದರೆ, ಪ್ಯಾಕೆಟ್ಟು ಒಡೆದರೆ ಎತ್ತುವುದಕ್ಕೆ ಅವರು ದೊಡ್ಡಿಯೊಳಗೆ ಹೋಗಬೇಕು. ಅವರು ಒಳಗಿರುವ ತನಕ ಆಮೆಗಳು ನಿಂತಿರಬೇಕು, ಆಚೆ ಬಂದ ಮೇಲೆ ಹೊರಡಬೇಕು. ನಿಲ್ಲಿಸುವುದು, ಹೊರಡಿಸುವುದು ನಮ್ಮ ಸಾಫ್ಟ್‌ವೇರ್. ನಮ್ಮದು ಅಂದರೆ ಸಾರ್ ಕಟ್ಟಿದ್ದು. ನಾನು ಮತ್ತು ಸಿರಾದ ಇಮ್ರಾನ್ ಅವರ ಕೈಕೆಳಗೆ ಬೈಸಿಕೊಂಡು ಬೆಳೆದವರು.

ಅವರು ಪಾವಗಡದ ಕಡೆಯವರು. ಹಣೆಗೆ ವಿಭೂತಿ, ಬೇಸಗೆಯಲ್ಲೂ ಅರ್ಧ ತೋಳಿನ ಸ್ವೆಟರು, ಜೇಬಿನ ತುಂಬ ಹುರಿದ ಕಡಲೆಕಾಯಿ. ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಸುತ್ತಾಡಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ನನ್ನನ್ನು ಕರೆಯುತ್ತಿದ್ದದ್ದೇ 'ಅಮ್ಮಾಯಿ' ಅಂತ, ತೆಲುಗಿನಲ್ಲಿ ಹುಡುಗಿ ಅನ್ನುವ ಹಾಗೆ. ಮದುವೆಯಾಗಿ ಮಗಳು ಸ್ಕೂಲಿಗೆ ಹೋಗುವ ಹೊತ್ತಿಗೂ ನಾನು ಅಮ್ಮಾಯಿಯೇ. ಮಧುಗಿರಿ ಬೆಟ್ಟದ ಬುಡದಲ್ಲಿ, ನಮ್ಮ ಬೀದಿಗೆ ಎರಡು ಬೀದಿ ಆಚೆ, ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರಂತೆ, ಆ ವಿಷಯ ಅವರು ಎತ್ತಲಿಲ್ಲ, ನಾವು ಕೇಳಲಿಲ್ಲ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಅವರು ಕೇಳಿದ ಮೊದಲ ಪ್ರಶ್ನೆ ಸಾಫ್ಟ್‌ವೇರಿನದಲ್ಲ.

"ಮನೆಗೆ ಬೀಗ ಹಾಕ್ಬುಟ್ ಬಂದ್ಯೇನಮ್ಮ?"

"ಹಾಕಿದೆ ಸಾರ್."

"ಎಳ್ದ್ ನೋಡ್ದ್ಯಾ?"

"ನೋಡ್ದೆ ಸಾರ್."

"ಯಾಕೆ? ಹಾಕ್ದೋಳು ನೀನೇ ಅಲ್ವಾ? ನಿನ್ ಮೇಲೆ ನಿಂಗೇ ನಂಬ್ಕೆ ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ "ಸರಿ, ಸೋಮವಾರದಿಂದ ಬಾ" ಅಂದರು. ಬೀಗ ಎಳೆದು ನೋಡಿದ್ದಕ್ಕೇ ಕೆಲಸ ಸಿಕ್ಕಿತು ಅಂತ ಬಹಳ ದಿನ ಹೆಮ್ಮೆಪಟ್ಟುಕೊಂಡಿದ್ದೆ. ಆಮೇಲೆ ಇಮ್ರಾನ್‌ನನ್ನು ಕೇಳಿದರೆ, ಅವನಿಗೂ ಅದೇ ಪ್ರಶ್ನೆಯಂತೆ, ಅವನು "ಇಲ್ಲ ಸಾರ್, ಎಳೆದು ಗಿಳೆದು ನೋಡೋ ಅಭ್ಯಾಸ ಇಲ್ಲ" ಅಂದನಂತೆ. ಅವನಿಗೂ ಸೋಮವಾರದಿಂದಲೇ ಬಾ ಅಂದಿದ್ದರು. ಹಾಗಾದರೆ ಸರಿಯುತ್ತರ ಯಾವುದು ಅಂತ ನಾವಿಬ್ಬರೂ ಟೀ ಕುಡಿಯುವಾಗಲೆಲ್ಲ ಜಗಳ ಆಡಿದ್ದೇವೆ. ಕೊನೆಗೂ ಇತ್ಯರ್ಥ ಆಗಲಿಲ್ಲ.

ಕೆಲಸದ ಜಾಗದಲ್ಲಿ ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಸಲ ಇಮ್ರಾನ್ ತನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿ ಇಟ್ಟಿದ್ದ. ಅವರ ಕಣ್ಣಿಗೆ ಬಿತ್ತು. ಊಟದ ಡಬ್ಬ ತೆರೆದವರನ್ನೆಲ್ಲ ಎಬ್ಬಿಸಿ, ಇಡೀ ಗೋದಾಮಿನ ಪಾಸ್‌ವರ್ಡುಗಳನ್ನು ಬದಲಾಯಿಸುವ ತನಕ ತುತ್ತೆತ್ತಲು ಬಿಡಲಿಲ್ಲ. ಇನ್ನೊಂದು ಸಲ ಕಂಪನಿಯ ದೊಡ್ಡ ಸಾಹೇಬರೇ ಬಂದು, ತಮ್ಮ ಪೆನ್‌ಡ್ರೈವ್ ಚುಚ್ಚಿ ಏನೋ ತೋರಿಸುತ್ತೇನೆ ಅಂದರು. ಸಾರ್ ಪೆನ್‌ಡ್ರೈವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, "ಇದು ಯಾರ್‍ಯಾರ ಮನೇಲಿ ಉಂಡು ಮಲಗಿ ಬಂದದ್ಯೋ ಏನ್ ಕತೆಯೋ, ನಮ್ ಆಮೆಗುಳ್ ಹತ್ರಕ್ ಸೇರ್ಸಲ್ಲ ಸಾರ್" ಅಂದುಬಿಟ್ಟರು. ಸಾಹೇಬರ ಮುಖ ಕೆಂಪಾಯಿತು. ಮ್ಯಾನೇಜರ್ ಎಷ್ಟು ಕಣ್ಸನ್ನೆ ಮಾಡಿದರೂ ಇವರು ಕಡಲೆಕಾಯಿ ಬಿಡಿಸುತ್ತಾ ನಿಂತರೇ ಹೊರತು ಜಗ್ಗಲಿಲ್ಲ. ಹೊರಗಿನ ಯಾವನೋ ಒಬ್ಬ ನಮ್ಮ ಗಾಡಿಗಳೊಳಗೆ ಹೊಕ್ಕರೆ ಅವು ಅವನು ಹೇಳಿದಂತೆ ಕುಣಿಯುತ್ತವೆ, ಆಗ ಒಳಗಿರುವವರ ಕಾಲು ಹೋದರೆ ಯಾರು ತಂದುಕೊಡುತ್ತಾರೆ ಅನ್ನುವುದು ಅವರ ಒಂದೇ ವಾದ.

ಇಂಥ ಮನುಷ್ಯನ ಮನೆಗೆ ಒಂದು ಭಾನುವಾರ ಹೋಗಿದ್ದೆ, ಅಮ್ಮ ಮಾಡಿದ ಹೋಳಿಗೆ ಕೊಡೋಣ ಅಂತ. ಬಾಗಿಲಿಗೆ ಬೀಗ. ವಾಪಸು ಹೊರಡುವಷ್ಟರಲ್ಲಿ ಎದುರು ಮನೆಯ ಹೆಂಗಸು, "ಕೀ ಮೇಲ್ಗಡೆ ಪಟ್ಟೀಲೇ ಐತೆ ತಗಳಮ್ಮ, ಒಳಗಿಟ್ ಹೋಗು" ಅಂದಳು. ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸಿದರೆ ಬೀಗದಕೈ! ಇಡೀ ಬೀದಿಗೆ ಗೊತ್ತಿದ್ದ ವಿಷಯ. ನನಗೆ ಮೈಯೆಲ್ಲ ಉರಿಯಿತು. ಇಮ್ರಾನ್ ಆವತ್ತು ತಣ್ಣಗಾದ ಅನ್ನ ತಿಂದದ್ದು ನೆನಪಾಗಿ, ಮಾರನೆಯ ದಿನ ಕೇಳಿಯೇಬಿಟ್ಟೆ.

"ನಮ್ ಬೀದಿಯೋರೆಲ್ಲ ನಂಗ್ ಗೊತ್ತು ಅಮ್ಮಾಯಿ. ಪಾಸ್‌ವರ್ಡ್ ಕದಿಯೋನು ಯಾವ್ ಬೀದಿಯೋನು? ಅದ್ ಹೇಳು."

ಒಪ್ಪಿಕೊಳ್ಳುವ ಮಾತೇ ಅನ್ನಿಸಿತು. ಆದರೆ ಅದೇ ವಾರ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ, ಮಗುವಿಗೆ ಜ್ವರ ಅಂತ ಪೇಚಾಡುತ್ತಿದ್ದ ಯಾವನೋ ಒಬ್ಬನಿಗೆ ತಮ್ಮ ಸ್ಕೂಟರ್ ಕೊಟ್ಟು ತಾವು ಖಾಸಗಿ ಬಸ್ಸು ಹತ್ತಿ ಬಂದರು. ಅವನ ಹೆಸರೂ ಕೇಳಿರಲಿಲ್ಲ. "ಅವ್ನು ಯಾವ್ ಬೀದಿಯೋನು ಸಾರ್?" ಅಂದೆ. ನಕ್ಕು ಒಂದು ಹಿಡಿ ಕಡಲೆಕಾಯಿ ನನ್ನ ಕೈಗೆ ಸುರಿದರು. ಸ್ಕೂಟರೇನೋ ಕೆಲವು ದಿನದ ಮೇಲೆ ಬಂತು, ಒಂದು ಕಡೆಯ ಕನ್ನಡಿ ಇಲ್ಲದೆ. ಮಗು ಹುಷಾರಾಯಿತಂತೆ ಅಂತ ಖುಷಿಯಾಗಿದ್ದರು. ಕೊನೆತನಕ ಆ ಕನ್ನಡಿ ಹಾಕಿಸಲಿಲ್ಲ.

ಹೀಗೆ ಅವರನ್ನು ಒಂದು ಕಡೆಯಿಂದ ಹಿಡಿದರೆ ಇನ್ನೊಂದು ಕಡೆಯಿಂದ ಜಾರಿಕೊಳ್ಳುತ್ತಿದ್ದರು. ಜಿಪುಣರು ಅಂದುಕೊಳ್ಳುವಷ್ಟರಲ್ಲಿ ಧಾರಾಳಿ, ಒರಟರು ಅಂದುಕೊಳ್ಳುವಷ್ಟರಲ್ಲಿ ನಮ್ಮಮ್ಮನ ಮಂಡಿನೋವಿಗೆ ಎಣ್ಣೆ ತಂದುಕೊಡುವವರು.

ನಾವು ಪರದೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದಾಗ ಬೆಕ್ಕಿನ ಹಾಗೆ ಬಂದು, ಆಮೆಗಳನ್ನು ನಡೆಸುವ ಕಂಪ್ಯೂಟರಿನ ಕರೆಂಟ್ ವೈರು ಕಿತ್ತುಬಿಡುವುದು ಅವರ ಇನ್ನೊಂದು ಚಾಳಿ. ಆಮೆಗಳೆಲ್ಲ ಇದ್ದಲ್ಲೇ ನಿಲ್ಲುತ್ತಿದ್ದವು. ವೈರು ಮತ್ತೆ ಸಿಕ್ಕಿಸಿ, ಅವು ಎಚ್ಚೆತ್ತು ಏನು ಮಾಡುತ್ತವೆ ಅಂತ ಕೈ ಕಟ್ಟಿ ನೋಡುತ್ತಿದ್ದರು. ನಾನು ಗೊಣಗಿದರೆ, "ಕರೆಂಟು ಹೋಗ್ತದೆ. ಹೋಗೇ ಹೋಗ್ತದೆ. ಪಾವಗಡದಲ್ಲಿ ಹುಟ್ಟಿದೋನ್ಗೆ ಇದನ್ನ ಹೇಳ್ಕೊಡ್ಬೇಕಾ?" ಅನ್ನುತ್ತಿದ್ದರು. ಅಲ್ಲಿ ಈಗ ಬಯಲು ತುಂಬ ಸೋಲಾರ್ ಹಲಗೆ ಹರಡಿಕೊಂಡಿವೆ ಸಾರ್ ಅಂದರೆ, "ಅದ್ರ ಕರೆಂಟು ಎಲ್ಲೆಲ್ಲಿಗೋ ಹೋಗ್ತದಮ್ಮ, ನಮ್ ಅಕ್ಕನ್ ಮನೆ ಮಿಕ್ಸಿಗೆ ಬಂದಾಗ ಹೇಳು" ಅನ್ನುವರು.

ಎಚ್ಚೆತ್ತ ಆಮೆಗೆ ತಾನು ಎಲ್ಲಿದ್ದೇನೆ ಅಂತ ಖಾತ್ರಿ ಇಲ್ಲದಿದ್ದರೆ ಅದು ಊಹೆ ಮಾಡಿ ಹೊರಡಕೂಡದು, ನಿಂತು ಕೇಳಬೇಕು. ಗೊತ್ತಿಲ್ಲ ಅನ್ನುವುದನ್ನು ಯಂತ್ರಕ್ಕೆ ಮೊದಲು ಕಲಿಸಿ, ಮಿಕ್ಕಿದ್ದು ಆಮೇಲೆ ಅನ್ನುತ್ತಿದ್ದರು. ಪರದೆಯ ಮೇಲೆ ಬರುವ ಸಂದೇಶಗಳನ್ನೆಲ್ಲ ಆಮೆಯೇ ಮಾತಾಡಿದಂತೆ, ನಮ್ಮ ಹೆಂಗಸರ ಕನ್ನಡದಲ್ಲಿ, ತಾವೇ ಬರೆದಿದ್ದರು. 'ನಾನ್ ಎಲ್ಲಿದೀನಿ ಗೊತ್ತಾಯ್ತಿಲ್ಲ. ಯಾರಾನ ಬಂದು ಹೇಳಿ.' 'ಮುಂದೆ ಏನೋ ಐತೆ. ನಿಂತಿದೀನಿ.' ಮೊದಲ ಸಲ ಇವನ್ನು ಓದಿದಾಗ ನನಗೆ ನಗು ತಡೆಯಲಾಗಿರಲಿಲ್ಲ. ಈಗ ದಿನಕ್ಕೊಂದು ಸಲವಾದರೂ ಆ ಮೊದಲನೆಯ ಸಾಲು ನನ್ನನ್ನೇ ಕುರಿತದ್ದು ಅನ್ನಿಸುತ್ತದೆ.

ಇನ್ನು ಆ ಕೂಗಿನ ವಿಷಯ.

ದೊಡ್ಡಿಗೆ ಹೋಗುವವರು ಗೇಟಿನ ಪಕ್ಕದ ಹಲಗೆಯಿಂದ ತಮ್ಮ ತಮ್ಮ ಕಾರ್ಡು ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು. ಕಾರ್ಡು ಹಲಗೆಯಿಂದ ಎದ್ದರೆ ಆಮೆಗಳು ನಿಲ್ಲುತ್ತವೆ, ಎಲ್ಲ ಕಾರ್ಡೂ ವಾಪಸು ನೇತುಬಿದ್ದರೆ ಹೊರಡುತ್ತವೆ. ಇಷ್ಟೇ. ನಾವು ಇದನ್ನು ನೂರು ತರಹ ಪರೀಕ್ಷೆ ಮಾಡಿ ಪಾಸಾಗಿದೆ ಅಂತ ಬೆನ್ನು ತಟ್ಟಿಕೊಂಡಿದ್ದೆವು. ಸಾರ್ ಮಾತ್ರ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು ಗೇಟಿನ ಹತ್ತಿರ ಕೂತರು. ಆ ವಾರವೆಲ್ಲ ಕೂತೇ ಇದ್ದರು. ಮ್ಯಾನೇಜರ್‌ಗೆ, ಇವರಿಗೆ ವಯಸ್ಸಾಯಿತು ಅನ್ನಿಸಿತು. ನನಗೂ ಅನ್ನಿಸಿತು.

ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಗಟ್ಟಿ ಶೂ ಹಾಕಿಕೊಳ್ಳಬೇಕು ಅನ್ನುವುದು ನಿಯಮ. ಒಂದು ಮಧ್ಯಾಹ್ನ ಸಾರ್ ನನ್ನನ್ನು ಕರೆದು ಗೇಟಿನ ಮುಂದೆ ತೋರಿಸಿದರು. ಅಲ್ಲಿ ಎರಡು ಜೊತೆ ಚಪ್ಪಲಿ ಇದ್ದವು. ಹಲಗೆಯಲ್ಲಿ ಒಂದೇ ಒಂದು ಕಾರ್ಡು ಕಡಿಮೆ ಇತ್ತು.

ಒಳಗಿದ್ದವರು ಗೌಡಗೆರೆಯ ಕಡೆಯ ರತ್ನಮ್ಮ, ಅವಳ ನಾದಿನಿ ನಾಗವೇಣಿ. ಕಾರ್ಡು ನಾಗವೇಣಿಯ ಕೊರಳಲ್ಲಿತ್ತು. ರತ್ನಮ್ಮನನ್ನು ಕೇಳಿದರೆ ಅವಳಿಗೆ ನಮ್ಮ ಗಾಬರಿಯೇ ಅರ್ಥವಾಗಲಿಲ್ಲ.

"ಇಬ್ರೂ ಜೊತೇಗೆ ತಾನೆ ಹೋಗಿದ್ದು? ಅವಳ್ ತಗಂಡ್ಳಲ್ಲ, ಇನ್ ನಂದ್ಯಾಕೆ ಅಂತ ಬುಟ್ಟೆ."

ಯೋಚಿಸಿದರೆ ನಾನೂ ಹಾಗೆಯೇ ಬೆಳೆದವಳು. ಹೊಲಕ್ಕಾಗಲಿ, ನೀರಿಗಾಗಲಿ, ಸಂತೆಗಾಗಲಿ ನಮ್ಮ ಕಡೆ ಹೆಂಗಸರು ಒಬ್ಬೊಬ್ಬರೇ ಹೋಗುವುದಿಲ್ಲ, ಮನೆಯಲ್ಲಿ ಒಬ್ಬಳು ಹೋಗಿಬರ್ತೀನಿ ಅಂದರೆ ಜೊತೆಯವಳೂ ಹೇಳಿದಂತೆಯೇ. ಕಾರ್ಡು ಹಾಕಿಕೊಂಡವಳು ಮೊದಲು ಆಚೆ ಬಂದು ಅದನ್ನು ನೇತುಹಾಕಿದರೆ, ಒಳಗಿರುವವಳ ಲೆಕ್ಕ ಯಂತ್ರಕ್ಕೆ ಇಲ್ಲವೇ ಇಲ್ಲ. ಕಪಾಟು ಹೊತ್ತ ಆಮೆ ಬಂದು ಗುದ್ದಿದರೆ ಕಾಲಿನ ಮೂಳೆ ಪುಡಿಯಾಗುತ್ತದೆ.

ಕಾರ್ಡು ಇಲ್ಲದೆ ಒಳಗೆ ಹೋದರೆ ಕೆಲಸದಿಂದ ತೆಗೆಯುವುದು ಅಂತ ನಿಯಮ ಬರೆದಿದ್ದವರೇ ಸಾರ್. ಮ್ಯಾನೇಜರ್ ಅದನ್ನೇ ಹಿಡಿದುಕೊಂಡರು. ಇಬ್ಬರನ್ನೂ ಮನೆಗೆ ಕಳಿಸೋಣ, ಮಿಕ್ಕವರಿಗೆ ಬುದ್ಧಿ ಬರುತ್ತದೆ ಅಂದರು. ಸಾರ್, "ಆ ನಿಯಮ ಬರ್ದೋನ್ಗೆ ಈ ಊರ್ ಗೊತ್ತಿರ್ಲಿಲ್ಲ ಸಾರ್. ಅವನ್ನ ಕಳ್ಸಿ ಮನೆಗೆ" ಅಂದರು. ಮ್ಯಾನೇಜರ್‌ಗೆ ಯಾರನ್ನು ಅನ್ನುತ್ತಿದ್ದಾರೆ ಅಂತ ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು. ಹೆಂಗಸರು ಉಳಿದರು. ಆಚೆಗೆ ಬಂದ ಮೇಲೆ ಮಾತ್ರ ಅದೇ ಸಾರ್ ರತ್ನಮ್ಮನಿಗೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು ಹೋದಳು. ಕಾಪಾಡಿದ ಬಾಯಲ್ಲೇ ಅಳಿಸುವುದು ಯಾಕೆ ಅಂತ ನನಗೆ ಅವತ್ತೂ ತಿಳಿಯಲಿಲ್ಲ.

ಗೇಟಿಗೆ ತಲೆ ಎಣಿಸುವ ಕ್ಯಾಮರಾ ಹಾಕೋಣ ಅಂದೆ. ಹಾಕೋಣ ಅಂದರು. ಹಾಕಿದ ಮೇಲೂ ಸಮಾಧಾನವಿಲ್ಲ. ತಲೆ ಮೇಲೆ ಡಬ್ಬ ಹೊತ್ತು ಬಂದರೆ ಅದು ತಪ್ಪಾಗಿ ಎಣಿಸುತ್ತದೆ ಅಂತ ತಾವೇ ಡಬ್ಬ ಹೊತ್ತು ತೋರಿಸಿದರು. ಕೊನೆಗೆ ಒಂದು ಮಧ್ಯಾಹ್ನ, "ಕೂಗಿ ಕೇಳೋಣ" ಅಂದರು. ಎಲ್ಲ ಕಾರ್ಡು ವಾಪಸು ಬಂದ ಮೇಲೂ, ಆಮೆಗಳು ಹೊರಡುವ ಮುಂಚೆ, ದೊಡ್ಡಿಯ ಸ್ಪೀಕರುಗಳಲ್ಲಿ ಒಂದು ಧ್ವನಿ ಎರಡು ಸಲ ಕೇಳಬೇಕು. ಕೂಗು ಮುಗಿದ ಮೇಲೆ ಒಳಗಿನ ಮೈಕುಗಳು ಕೊಂಚ ಹೊತ್ತು ಕಿವಿಗೊಡಬೇಕು. ಮನುಷ್ಯರ ದನಿ ಕೇಳಿದರೆ ಹೊರಡಕೂಡದು. ಮ್ಯಾನೇಜರ್‌ಗೆ ಇದು ಬಹಳ ಹಿಡಿಸಿತು. ಮೈಕುಗಳು ದಿನವೆಲ್ಲ ತೆರೆದಿರಲಿ, ಹೆಂಗಸರು ಒಳಗೆ ಏನು ಹರಟುತ್ತಾರೆ ಅಂತಲೂ ತಿಳಿಯುತ್ತದೆ ಅಂದರು. ಸಾರ್ ಒಪ್ಪಲಿಲ್ಲ. "ಇದಾರಾ ಇಲ್ವಾ, ಅಷ್ಟ್ ಕೇಳೋಕೆ ಮೈಕು. ಏನ್ ಮಾತಾಡ್ತಾರೆ ಅನ್ನೋದು ನಮ್ಗೆ ಬ್ಯಾಡ" ಅಂದು, ಕೂಗು ಮುಗಿದ ಆ ಕೊಂಚ ಹೊತ್ತು ಬಿಟ್ಟರೆ ಮೈಕು ತೆರೆಯದಂತೆ ಬರೆದು, ಅದನ್ನು ಬದಲಾಯಿಸಲು ನಮ್ಮಲ್ಲಿ ಇಬ್ಬರ ಒಪ್ಪಿಗೆ ಬೇಕು ಅಂತ ಮಾಡಿಟ್ಟರು. ಯಾರನ್ನೂ ನಂಬದ ಮನುಷ್ಯ, ಯಾರ ಮಾತನ್ನೂ ಕದ್ದು ಕೇಳಲಿಲ್ಲ.

ಕೂಗಲು ಯಾರಾದರೂ ಒಳ್ಳೆಯ ಧ್ವನಿಯವರನ್ನು ಗೊತ್ತುಮಾಡೋಣ ಅಂದೆ. "ಯಾಕೆ, ನಂಗೇನಾಗಿದೆ?" ಅಂದು ಫೋನಿನಲ್ಲಿ ತಾವೇ ಹೇಳಿ ರೆಕಾರ್ಡ್ ಮಾಡಿಬಿಟ್ಟರು. ಮೊದಲಿಗೆ ಒಂದು ಕೆಮ್ಮು. ಆಮೇಲೆ, "ಒಳಗ್ ಯಾರಾದ್ರೂ ಇದೀರೇನ್ರಮ್ಮಾ? ಇದ್ರೆ ಓ ಅನ್ರಿ."

"ಕೆಮ್ಮು ಕತ್ತರಿಸ್ಲಾ ಸಾರ್?"

"ಇರ್ಲಿ ಬುಡಮ್ಮ. ಕೆಮ್ಮಿದ್ರೆ ಯಾರೋ ಮನುಷ್ಯ ಅಂತ ಗೊತ್ತಾಗ್ತದೆ."

ತಮ್ಮ ಧ್ವನಿ ಕೇಳಬೇಕು ಅನ್ನುವ ಚಪಲವೋ, ಆ ಪ್ರಶ್ನೆಯನ್ನು ಬೇರೆಯವರ ಬಾಯಿಗೆ ಕೊಡಲು ಮನಸ್ಸಾಗಲಿಲ್ಲವೋ, ಅದೂ ನನಗೆ ಗೊತ್ತಿಲ್ಲ. ಹೆಂಗಸರಿಗಂತೂ ಅದು ಹಿಡಿಸಿತು. "ಓ, ಇವ್ನಿ ಇರಿ ಸಾ" ಅಂತ ಒಳಗಿಂದ ಕೂಗುವರು. ಪರದೆಯ ಮೇಲೆ ಸಾರ್ ಬರೆದ ಸಾಲು ಮೂಡುತ್ತಿತ್ತು: 'ಒಳಗೆ ಜನ ಅವ್ರೆ. ಕಾಯ್ತೀನಿ.' ಬೈಸಿಕೊಂಡಿದ್ದ ರತ್ನಮ್ಮನೇ ಎಲ್ಲರಿಗಿಂತ ಗಟ್ಟಿಯಾಗಿ ಓ ಅನ್ನುತ್ತಿದ್ದಳು.

ಅವರು ಹೋದದ್ದು ತೀರಾ ಸದ್ದಿಲ್ಲದೆ. ಅಕ್ಕನನ್ನು ನೋಡಲು ಪಾವಗಡಕ್ಕೆ ಹೋದವರು ಬೆಳಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿ ಕೂತರಂತೆ, ಕೂತಲ್ಲೇ ಆಗಿಹೋಯಿತು. ಹನ್ನೊಂದನೆಯ ದಿನಕ್ಕೆ ಗೋದಾಮಿನಿಂದ ಒಂದು ವ್ಯಾನಿನ ತುಂಬ ಹೋಗಿದ್ದೆವು. ರತ್ನಮ್ಮ ಒಂದು ಮೂಲೆಯಲ್ಲಿ ಕೂತು ತುಂಬಾ ಅತ್ತಳು. ವಾಪಸು ಬಂದು ಕೆಲಸಕ್ಕೆ ಕೂತರೆ, ಸ್ಪೀಕರಿನಲ್ಲಿ ಕೆಮ್ಮು. "ಒಳಗ್ ಯಾರಾದ್ರೂ ಇದೀರೇನ್ರಮ್ಮಾ?" ಇಮ್ರಾನ್ ಎದ್ದು ಆಚೆ ಹೋಗಿಬಿಟ್ಟ. ನನಗೆ ಒಂಥರಾ ಧೈರ್ಯವೇ ಬಂತು, ನಿಜ ಹೇಳಬೇಕೆಂದರೆ. ಅವರ ದನಿ ಇದೆ, ಅವರ ಕಾವಲಿದೆ ಅಂದುಕೊಂಡೆ. ಒಳಗಿಂದ ಓ ಅನ್ನುವುದು ಪೂರ್ತಿ ನಿಂತಿದೆ ಅನ್ನುವುದನ್ನು ಗಮನಿಸಲಿಲ್ಲ. ಗಮನಿಸಿದ್ದರೂ, ಹೆಂಗಸರು ಸರಿಯಾಗಿ ಕಾರ್ಡು ಹಾಕಿಕೊಂಡು ಎಲ್ಲರೂ ಆಚೆ ಬರುತ್ತಿದ್ದಾರೆ, ಹಾಗಾಗಿ ಮೌನ ಅಂದುಕೊಳ್ಳುತ್ತಿದ್ದೆನೇನೋ.

ಒಂದು ಮಧ್ಯಾಹ್ನ ಟೀಪುಡಿ ಪ್ಯಾಕೆಟ್ಟುಗಳು ಒಡೆದು ಚೆಲ್ಲಿದ್ದವು. ರತ್ನಮ್ಮ, ನಾಗವೇಣಿ ಒಳಗೆ ಹೋದರು, ಹಳೆಯ ರೂಢಿಯಂತೆ ಒಂದೇ ಕಾರ್ಡಿನಲ್ಲಿ. ನಾಗವೇಣಿ ಒಡೆದ ಪ್ಯಾಕೆಟ್ಟು ತುಂಬಿದ ಡಬ್ಬವನ್ನು ತಲೆ ಮೇಲೆ ಹೊತ್ತು ಆಚೆ ಬಂದಳು, ಅತ್ತಿಗೆ ಹಿಂದೆಯೇ ಬರುತ್ತಿದ್ದಾಳೆ ಅಂದುಕೊಂಡು ಕಾರ್ಡು ನೇತುಹಾಕಿದಳು. ಸಾರ್ ಹೇಳಿದಂತೆಯೇ ಕ್ಯಾಮರಾ ಡಬ್ಬವನ್ನೂ ಒಂದು ತಲೆ ಅಂತ ಎಣಿಸಿತು. ಕೆಮ್ಮು ಕೇಳಿತು. ಒಂದು ಸಲ ಕೂಗಿದರು, ಎರಡು ಸಲ ಕೂಗಿದರು. ಒಳಗಿಂದ ಉಸಿರಿಲ್ಲ. ಆಮೆಗಳು ಹೊರಟವು.

ನನ್ನ ಪರದೆಯ ಮೇಲೆ ಸಾಲು ಮೂಡಿತು: 'ಮುಂದೆ ಏನೋ ಐತೆ. ನಿಂತಿದೀನಿ.' ಇನ್ನೊಂದು ಪ್ಯಾಕೆಟ್ಟೇನೋ ಅಂದುಕೊಂಡು ಜಾಲರಿಯತ್ತ ನೋಡಿದೆ. ಕಪಾಟು ಹೊತ್ತ ಆಮೆ ನಿಂತಿತ್ತು. ಅದರ ಮುಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ರತ್ನಮ್ಮ ಕುಕ್ಕರಗಾಲಲ್ಲಿ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕೂಗನ್ನೂ ನಂಬದೆ ಸಾರ್ ಆಮೆಯ ಮೂತಿಗೆ ಇಟ್ಟಿದ್ದ ಕಣ್ಣು ಅವಳನ್ನು ಉಳಿಸಿತ್ತು. ಅವಳು ಒಂದು ಗೇಣು ಪಕ್ಕದಲ್ಲಿ ಕೂತಿದ್ದರೆ ಆ ಕಣ್ಣಿಗೆ ಕಾಣುತ್ತಿರಲಿಲ್ಲ, ಕಪಾಟಿನ ಅಂಚು ಬಂದು ಬಡಿಯುತ್ತಿತ್ತು. ನಾನು, ಇಮ್ರಾನ್ ಓಡಿಹೋಗಿ ಎಲ್ಲ ನಿಲ್ಲಿಸಿ ಅವಳನ್ನು ಆಚೆ ಕರೆತಂದೆವು.

"ಕೂಗು ಕೇಳಿಸ್ಲಿಲ್ವಾ ರತ್ನಮ್ಮ?"

"ಕೇಳುಸ್ತು."

"ಮತ್ತೆ ಓ ಅನ್ನೋಕೇನಾಗಿತ್ತು ನಿಂಗೆ?"

ಅವಳು ನನ್ನ ಮುಖವನ್ನೇ ನೋಡಿದಳು. "ಸತ್ತೋರು ಕೂಗಿದ್ರೆ ಓ ಅಂತಾರೇನವ್ವ ಯಾರಾನ?"

ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದದ್ದು ನನಗೂ ಗೊತ್ತಿತ್ತು: ಯಾರೋ ಕೂಗಿದಂತಾದರೆ ಒಂದೆರಡು ಸಲಕ್ಕೆ ಓ ಅನ್ನಬಾರದು, ಮೂರನೆಯ ಸಲವೂ ಕೂಗಿದರೆ ಬದುಕಿರುವವರೇ. ನಮ್ಮ ಸಾರ್ ಕೂಗುತ್ತಿದ್ದದ್ದು ಎರಡೇ ಸಲ. ಹೆಂಗಸರಲ್ಲಿ ಒಬ್ಬಳೂ ಅವರು ಹೋದ ಮೇಲೆ ಓ ಅಂದಿರಲಿಲ್ಲ. ಅವರನ್ನು ಕಂಡರೆ ಪ್ರೀತಿ ಇಲ್ಲದೆ ಅಲ್ಲ. ವ್ಯಾನಿನ ತುಂಬ ಹೋಗಿ ಅತ್ತು ಬಂದವರೇ ಎಲ್ಲರೂ.

"ಮೂರು ಸಲ ಕೂಗೋ ಹಂಗೆ ಮಾಡ್ಲಾ?" ಅಂತ ಕೇಳಿದೆ. ಸಾಫ್ಟ್‌ವೇರಿನಲ್ಲಿ ಅದು ಎಷ್ಟರ ಕೆಲಸ, ಒಂದು ಅಂಕಿ ಬದಲಾಯಿಸಿದರೆ ಆಯಿತು.

"ನೂರ್ ಸಲ ಕೂಗ್ಲಿ, ಹೋಗವ್ರೆ ಅಂತ ಗೊತ್ತಿದ್ಮೇಲೆ ಹೆಂಗವ್ವ ಬಾಯ್ ಬರ್ತದೆ?"

ಹೀಗೆ ಆ ಧ್ವನಿ ತೆಗೆಯುವ ಕೆಲಸ ನನಗೆ ಬಂತು. ಅದಾಗುವ ತನಕ ದೊಡ್ಡಿಗೆ ಯಾರೂ ಹೋಗಕೂಡದು ಅಂತ ಗೇಟು ಮುಚ್ಚಿಸಿದೆ. ಮ್ಯಾನೇಜರ್ ಗಂಟೆಗೊಂದು ಸಲ ಬಂದು ಆಯಿತಾ ಅಂತ ಕೇಳುವರು. ನಾನು ಪರದೆ ನೋಡುತ್ತಾ ಕೂತೆ. ಸಾರ್ ಇದ್ದಿದ್ದರೆ ಏನನ್ನುತ್ತಿದ್ದರು? "ಉತ್ತರ ಬರದ ಪ್ರಶ್ನೆ ಇಟ್ಕೊಂಡ್ ಏನ್ಮಾಡ್ತೀಯಾ, ಕಿತ್ ಬಿಸಾಕು" ಅನ್ನುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ಮನುಷ್ಯ, ಹೆಂಡತಿಯ ಹಳೆಯ ಛತ್ರಿಯನ್ನು ಕಡ್ಡಿ ಮುರಿದಿದ್ದರೂ ಬಾಗಿಲ ಹಿಂದೆ ನೇತುಹಾಕಿಕೊಂಡಿದ್ದರು. ಹೋಳಿಗೆ ಇಡಲು ಹೋದ ದಿನ ನಾನೇ ನೋಡಿದ್ದೆ, ಹೆಂಡತಿಯದು ಅಂತ ಎದುರು ಮನೆಯ ಹೆಂಗಸು ಹೇಳಿದ್ದಳು. ಯಾವ ಸಾರ್ ಮಾತು ಕೇಳಲಿ? ಬೀಗ ಎಳೆದು ನೋಡುವವರದೋ, ಕೀಯನ್ನು ಪಟ್ಟಿಯ ಮೇಲಿಡುವವರದೋ? ಬೆಳಗಿನಿಂದ ಕೂತಿದ್ದಕ್ಕೆ ಕಣ್ಣು ಉರಿಯುತ್ತಿತ್ತು.

ಹೊಸ ಕೂಗು ಯಾರದಾಗಬೇಕು ಅಂತ ಹೆಂಗಸರನ್ನೇ ಕೇಳಿದೆ. ಎಲ್ಲರೂ ರತ್ನಮ್ಮನನ್ನು ಮುಂದಕ್ಕೆ ತಳ್ಳಿದರು. ಅವಳು ನಾಚಿಕೊಂಡು, ಬೇಡ ಬೇಡ ಅಂದು, ಕೊನೆಗೆ ಫೋನಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದಳು: "ಒಳುಗ್ ಯಾರಾನ ಇದೀರಾ? ಇದ್ರೆ ಓ ಅನ್ರೇ!" ಮೂರು ಸಲ ಹೇಳಿಸಿದೆ. ಚೆನ್ನಾಗಿ ಬಂತು.

ಆಮೇಲೆ ಅವಳು ಅಲ್ಲೇ ನಿಂತಳು. "ಅವ್ರುದ್ನ ಅಳ್ಸುಬುಡ್ತೀರೇನವ್ವ?"

"ಹೂಂ ರತ್ನಮ್ಮ. ಈಗಲೇ."

"ಅಳ್ಸೋಕ್ ಮುಂಚೆ ಒಂದ್ಸಲ ಕೂಗ್ಸಿ."

"ಯಾಕೆ?"

"ಎಷ್ಟೊಂದ್ ದಿನದಿಂದ ಕೂಗುಸ್ಕಂಡು ಕೂಗುಸ್ಕಂಡು ಸುಮ್ಕೆ ಕುಂತ್ಬುಟ್ಟೆ. ಯಾರೂ ಓ ಅನ್ದಿದ್ರೆ ಆ ವಯ್ಯ ಅಲ್ಲೇ ನಿಂತ್ಕಂಡ್ ಕೂಗ್ತಾನೆ ಇರ್ತದೆ ಅನ್ನುಸ್ತೈತೆ ಕಣವ್ವ."

ಆಮೆಗಳ ಬ್ಯಾಟರಿಗಳನ್ನೆಲ್ಲ ತೆಗೆಸಿ, ಅವು ಅಲುಗಲಾರವು ಅಂತ ಇಮ್ರಾನ್ ಒಂದೊಂದನ್ನೂ ಕಾಲಲ್ಲಿ ತಳ್ಳಿ ನೋಡಿ ಬಂದ ಮೇಲೆ ಗೇಟು ತೆಗೆದೆ. ರತ್ನಮ್ಮ ಚಪ್ಪಲಿ ಬಿಟ್ಟು, ಶೂ ಹಾಕಿಕೊಂಡಳು. ಹಲಗೆಯಿಂದ ತನ್ನ ಕಾರ್ಡನ್ನು ತಾನೇ ತೆಗೆದು ಕೊರಳಿಗೆ ಹಾಕಿಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಿಯ ನಡುವೆ ಹೋಗಿ ಸೆರಗು ಹೊದ್ದು ನಿಂತಳು. ಮಿಕ್ಕ ಹೆಂಗಸರು ಜಾಲರಿ ಹಿಡಿದು ನಿಂತರು. ಮ್ಯಾನೇಜರ್ ಕೂಡ ಬಂದು ಅವರ ಪಕ್ಕ ನಿಂತರು. ಕೂಗಿನ ಗುಂಡಿ ಒತ್ತಿದೆ.

ಕೆಮ್ಮು ಕೇಳಿತು.

"ಒಳಗ್ ಯಾರಾದ್ರೂ ಇದೀರೇನ್ರಮ್ಮಾ? ಇದ್ರೆ ಓ ಅನ್ರಿ."

ರತ್ನಮ್ಮ ಸ್ಪೀಕರಿನತ್ತ ತಲೆಯೆತ್ತಿದಳು. ನಾಗವೇಣಿ ಇತ್ತ ಕಡೆ ಬಿಕ್ಕಿದಳು. ಎರಡನೆಯ ಸಲ ಕೂಗಿದರು. ಮೈಕುಗಳು ಕಿವಿಗೊಟ್ಟವು.

"ಓ..." ಅಂದಳು ರತ್ನಮ್ಮ. "ಇವ್ನಿ ಸಾ. ಎಲ್ರೂ ಚೆನ್ನಾಗಿದೀವಿ. ನೀವ್ ಹೋಗ್ ಬನ್ನಿ."

ನನ್ನ ಪರದೆಯ ಮೇಲೆ ಅವರ ಸಾಲು ಮೂಡಿತು. 'ಒಳಗೆ ಜನ ಅವ್ರೆ. ಕಾಯ್ತೀನಿ.'